ಬ್ಯಾಟರಿ ಗನ್ ಬೇಕಾ ಬೇಡವಾ? ಮೊದಲು ನಿಮ್ಮ ಕೈ ನೋಡಿಕೊಳ್ಳಿ

(ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಭಾನುವಾರ ಸಂಜೆ, ಅಲ್ಯೂಮಿನಿಯಂ, ಗಾಜು, ಪ್ಲಂಬಿಂಗ್, ವಾಟರ್‌ಪ್ರೂಫಿಂಗ್ ಕೆಲಸ ಮಾಡುವ ಗೆಳೆಯರ ಮುಂದೆ, ಗ್ಯಾಪ್ ಮುಚ್ಚುವ ಸಿಲಿಕಾನ್, ಸೀಲೆಂಟ್ ಟ್ಯೂಬ್ ಒತ್ತುವ ಗನ್ನಿನ ಬಗ್ಗೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಆಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಒಂದು ಕೆಲಸ. ಎಲ್ಲರೂ ಬಲಗೈ ಮುಷ್ಟಿ ಕಟ್ಟಿ. ಗಟ್ಟಿಯಾಗಿ. ಈಗ ನಿಧಾನಕ್ಕೆ ಬಿಡಿಸಿ. ಯಾವುದಾದರೂ ಬೆರಳು ಒಂದು ಕ್ಷಣ ಹಿಡಿದುಕೊಂಡು, ಆಮೇಲೆ ಟಕ್ ಅಂತ ಬಿಚ್ಚಿಕೊಂಡರೆ ಕೈ ಎತ್ತಿ.

ನಾಲ್ಕು ಜನ. ಹಿಂದಿನ ಸಾಲಲ್ಲಿ ಇನ್ನೊಬ್ಬರು. ನನ್ನದೂ ಸೇರಿದರೆ ಆರು.

ನಾನು ಈ ಕೆಲಸಕ್ಕೆ ಬಂದಾಗ ನನಗೆ ಹದಿನೇಳು ವರ್ಷ. ಕಾಮಾಕ್ಷಿಪಾಳ್ಯದಲ್ಲಿ ಒಬ್ಬ ಅಲ್ಯೂಮಿನಿಯಂ ಫ್ಯಾಬ್ರಿಕೇಟರ್ ಹತ್ತಿರ ಹೆಲ್ಪರ್. ಮೊದಲ ಎರಡು ವರ್ಷ ಗನ್ ಮುಟ್ಟಲು ಬಿಡಲಿಲ್ಲ. ಹಳೆ ಸಿಲಿಕಾನ್ ಕೆರೆಯುವುದು, ಟೇಪ್ ಹಚ್ಚುವುದು, ಬಟ್ಟೆ ಹಿಡಿದು ನಿಲ್ಲುವುದು ಅಷ್ಟೇ. ಗನ್ ಕೈಗೆ ಕೊಟ್ಟ ದಿನ ನಾನು ಮೇಸ್ತ್ರಿ ಆಗಿಬಿಟ್ಟೆ ಅನ್ನುವಷ್ಟು ಖುಷಿ.

ಆಮೇಲೆ ವರ್ಷಗಟ್ಟಲೆ ಆ ಹಿಡಿ ಒತ್ತಿದ್ದೇನೆ. 2016ರಲ್ಲಿ ಔಟರ್ ರಿಂಗ್ ರೋಡ್ ಕಡೆ ಒಂದು ದೊಡ್ಡ ಕಟ್ಟಡದ ಹೊರಗಿನ ಜಾಯಿಂಟ್ ಕೆಲಸ ಸಿಕ್ಕಿತು. ಪಿಯು (ಪಾಲಿಯುರೆಥೇನ್) ಸೀಲೆಂಟ್, 600 ಮಿಲಿಯ ಸಾಸೇಜ್, ಅಂದರೆ ಫಾಯಿಲ್ ಚೀಲದಲ್ಲಿ ಬರುವುದು. ರನ್ನಿಂಗ್ ಮೀಟರ್ ಲೆಕ್ಕದಲ್ಲಿ, ಅಂದರೆ ಹೊಡೆದ ಉದ್ದಕ್ಕೆ ದುಡ್ಡು. ಜೂಲಾದಲ್ಲಿ (ಹಗ್ಗಕ್ಕೆ ತೂಗುವ ಅಟ್ಟಣೆ) ನಿಂತು ಬೆಳಿಗ್ಗೆಯಿಂದ ಸಂಜೆವರೆಗೆ ಅದೇ. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದಾಗ ಉಂಗುರದ ಬೆರಳು ಅಂಗೈಗೆ ಅಂಟಿಕೊಂಡಂತೆ ಮಡಚಿತ್ತು. ನನ್ನ ಹೆಂಡತಿ ತಟ್ಟೆಯಲ್ಲಿ ಉಪ್ಪಿಟ್ಟು ಇಟ್ಟಿದ್ದಳು. ಚಮಚ ಹಿಡಿಯಲು ಆಗಲಿಲ್ಲ. ಎಡಗೈಯಿಂದ ಬೆರಳನ್ನು ಎಳೆದು ಬಿಡಿಸಿದೆ. ಟಕ್ ಅಂತ ಸದ್ದು ಬಂತು. ಆ ಸದ್ದಿಗೆ ಅವಳು ತಿರುಗಿ ನೋಡಿದಳು. ನಾನು ಏನೂ ಹೇಳಲಿಲ್ಲ, ಕೆಲಸಕ್ಕೆ ಹೋದೆ.

ಸೈಟಲ್ಲಿ ಗುತ್ತಿಗೆದಾರರಿಗೆ ಹೇಳಿದೆ. "ಕೈ ನೋವು ಎಲ್ಲರಿಗೂ ಬರುತ್ತೆ, ಎಣ್ಣೆ ಹಚ್ಚು" ಅಂದರು. ಎರಡು ದಿನ ಬರಲಿಲ್ಲ ಅಂತ ಎರಡು ದಿನದ ದುಡ್ಡು ಹಿಡಿದುಕೊಂಡರು. ಡಾಕ್ಟರಿಗೆ ತೋರಿಸಿದೆ. ಅವರು ನನಗೆ ಅರ್ಥವಾಗುವ ಹಾಗೆ ಹೇಳಿದರು. ಸೈಕಲ್ ಬ್ರೇಕ್ ವೈರ್ ಒಂದು ಕೇಸಿಂಗ್ ಒಳಗೆ ಓಡುತ್ತದಲ್ಲ, ಬೆರಳು ಮಡಚುವ ಸ್ನಾಯುರಜ್ಜುವೂ (ಟೆಂಡನ್ ಅನ್ನುವ ಹುರಿ) ಹಾಗೇ ಒಂದು ಕೊಳವೆಯೊಳಗೆ ಓಡುತ್ತದೆ. ಒಂದೇ ರೀತಿ ಬಿಗಿಯಾಗಿ ಸಾವಿರಾರು ಸಲ ಒತ್ತಿದರೆ ಅಲ್ಲಿ ಊತ ಬರುತ್ತದೆ, ಆ ಹುರಿ ಸಿಕ್ಕಿಹಾಕಿಕೊಳ್ಳುತ್ತದೆ. ಟ್ರಿಗರ್ ಫಿಂಗರ್ ಅಂತ ಅದರ ಹೆಸರು. ಗನ್ ಒಂದೇ ಕಾರಣ ಅಂತ ಅವರು ಹೇಳಲಿಲ್ಲ, ಸಕ್ಕರೆ ಕಾಯಿಲೆ ಇದ್ದವರಿಗೂ ಇದು ಜಾಸ್ತಿ ಬರುತ್ತದೆ ಅಂದರು. ನನಗೆ ಸಕ್ಕರೆ ಇರಲಿಲ್ಲ. ಬೆರಳಿಗೆ ಪಟ್ಟಿ, ಒಂದು ಇಂಜೆಕ್ಷನ್, ಆರು ವಾರ ಗನ್ ಮುಟ್ಟುವ ಹಾಗಿಲ್ಲ. ಆರು ವಾರ ಅಂದರೆ ನಮ್ಮಂಥವರಿಗೆ ಎಷ್ಟು ದುಡ್ಡು ಅಂತ ನಿಮಗೆ ಗೊತ್ತು.

ಹಾಗಾಗಿ ಬ್ಯಾಟರಿ ಗನ್ನಿಗೆ ಕೊಟ್ಟ ದುಡ್ಡು ಹುಟ್ಟುತ್ತಾ ಅಂತ ಯಾರಾದರೂ ಕೇಳಿದರೆ ನಾನು ಲೆಕ್ಕವನ್ನು ಕೈಯಿಂದ ಶುರು ಮಾಡುತ್ತೇನೆ. ಜೇಬಿನ ವಿಚಾರ ಆಮೇಲೆ.

ಮೊದಲು ನಾವು ದಿನಾ ಹಿಡಿಯುವ ಕೈಗನ್ ಏನು ಮಾಡುತ್ತದೆ ಅಂತ ನೋಡೋಣ. ಒಳ್ಳೆಯ ಗನ್ನಿನ ಮೇಲೆ ಅಥವಾ ಅದರ ಡಬ್ಬದ ಮೇಲೆ 12:1, 18:1, 26:1 ಅಂತ ಬರೆದಿರುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ಓದುವುದೇ ಇಲ್ಲ. 18:1 ಅಂದರೆ ನೀವು ಹಿಡಿಯನ್ನು 18 ಮಿಲಿಮೀಟರ್ ಒತ್ತಿದಾಗ ಟ್ಯೂಬಿನ ಬುಡ ತಳ್ಳುವ ಕಡ್ಡಿ 1 ಮಿಲಿಮೀಟರ್ ಮುಂದೆ ಹೋಗುತ್ತದೆ. ಅದಕ್ಕೆ ಬದಲಾಗಿ ನಿಮ್ಮ ಕೈಯ ಬಲ ಸುಮಾರು 18 ಪಟ್ಟಾಗಿ ಟ್ಯೂಬಿನ ಬುಡಕ್ಕೆ ಬೀಳುತ್ತದೆ, ತಿಕ್ಕಾಟದಲ್ಲಿ ಹೋಗುವುದು ಸ್ವಲ್ಪ ಹೋಗುತ್ತದೆ. ಗೇರ್ ಸೈಕಲ್‌ನಲ್ಲಿ ದಿಬ್ಬ ಹತ್ತುವಾಗ ಹಗುರ ಗೇರ್ ಹಾಕುತ್ತೀರಲ್ಲ, ಅದೇ. ದಿಬ್ಬ ಹತ್ತುತ್ತೆ, ಆದರೆ ಪೆಡಲ್ ಜಾಸ್ತಿ ತುಳಿಯಬೇಕು. ಇನ್ನೂರು ರೂಪಾಯಿ ಆಸುಪಾಸಿನ ಮಾಮೂಲಿ ಗನ್ನುಗಳಲ್ಲಿ ಈ ಸಂಖ್ಯೆ ಆರೋ ಏಳೋ ಇರುತ್ತದೆ. ಬಾತ್‌ರೂಮಿನ ಮೆತ್ತನೆ ಸಿಲಿಕಾನ್‌ಗೆ ಅದು ನಡೆಯುತ್ತದೆ. ಪಿಯುಗೆ ಹಾಕಿದರೆ ಒತ್ತಿ ಒತ್ತಿ ಹಿಡಿಯೇ ಬಗ್ಗುತ್ತದೆ.

ಈಗ ಲೆಕ್ಕ. 300 ಮಿಲಿ ಟ್ಯೂಬಿನ ಒಳಗಲ ಸುಮಾರು 46 ಮಿಲಿಮೀಟರ್. ಪೂರ್ತಿ ಖಾಲಿ ಮಾಡಲು ಕಡ್ಡಿ ಸುಮಾರು 18 ಸೆಂಟಿಮೀಟರ್ ಒಳಗೆ ಹೋಗಬೇಕು. ನೀವು ಪ್ರತಿ ಸಲ ಹಿಡಿಯನ್ನು 7 ಸೆಂಟಿಮೀಟರ್ ಒತ್ತುತ್ತೀರಿ ಅಂದುಕೊಳ್ಳಿ. 18:1 ಗನ್ನಿನಲ್ಲಿ ಕಡ್ಡಿ ಒಂದು ಒತ್ತಿಗೆ 4 ಮಿಲಿಮೀಟರ್ ಹತ್ತಿರ ಹೋಗುತ್ತದೆ. ಅಂದರೆ ಒಂದು ಟ್ಯೂಬಿಗೆ 45 ಒತ್ತು. ದಿನಕ್ಕೆ 20 ಟ್ಯೂಬ್ ಹೊಡೆದರೆ 900. ಸಾಸೇಜ್ ಆದರೆ ಒಂದೊಂದಕ್ಕೆ ಎರಡರಷ್ಟು. ಕೈಗೆ ಹಗುರ ಆಗಲಿ ಅಂತ 26:1 ತಗೊಂಡಿರಾ? ಒಂದು ಟ್ಯೂಬಿಗೆ 67 ಒತ್ತು. ಎಣಿಕೆ ಕಡಿಮೆ ಆಗಲಿ ಅಂತ 12:1 ತಗೊಂಡಿರಾ? 31 ಒತ್ತಿಗೆ ಮುಗಿಯುತ್ತದೆ, ಆದರೆ ಒಂದೊಂದು ಒತ್ತಿಗೂ ಪ್ರಾಣ ಹೋಗುತ್ತದೆ.

ಕೈಗನ್ನಿನಲ್ಲಿ ಬಲ ಉಳಿಸಿದರೆ ಎಣಿಕೆ ಏರುತ್ತದೆ, ಎಣಿಕೆ ಉಳಿಸಿದರೆ ಬಲ ಏರುತ್ತದೆ. ಎರಡನ್ನೂ ಒಟ್ಟಿಗೆ ಉಳಿಸುವ ಕೈಗನ್ ಇಲ್ಲ. ಯಾವ ಕಂಪನಿ ಮಾಡಿದರೂ ಇಲ್ಲ. ಬ್ಯಾಟರಿ ಗನ್ ನಿಜವಾಗಿ ಮಾಡುವುದು ಈ ಒಂದು ಕೆಲಸ. ಒಂದು ಬೆರಳಲ್ಲಿ ಸ್ವಿಚ್ ಒತ್ತಿ ಹಿಡಿದರೆ ಸಾಕು, ತಳ್ಳುವುದು ಮೋಟರ್.

ಎಷ್ಟು ತಳ್ಳುತ್ತದೆ? ಮಕೀಟಾದ 18 ವೋಲ್ಟ್ ಗನ್ 5,000 ನ್ಯೂಟನ್‌ವರೆಗೆ ತಳ್ಳುತ್ತದೆ. ನಮ್ಮ ಭಾಷೆಯಲ್ಲಿ ಹೇಳಿದರೆ ಸುಮಾರು 500 ಕೆಜಿ ಭಾರ ಟ್ಯೂಬಿನ ಬುಡದ ಮೇಲೆ ಕೂತ ಹಾಗೆ. ಚಳಿಗೆ ಗಟ್ಟಿಯಾದ ಪಿಯು ಕೂಡ ಬರುತ್ತದೆ. ಇಷ್ಟು ಬಲ ಇದೆ ಅನ್ನುವುದೇ ಒಂದು ಎಚ್ಚರಿಕೆ ಕೂಡ. ನಾಝಲ್ (ಟ್ಯೂಬಿನ ಮೂತಿ) ತುದಿ ಒಣಗಿ ಕಟ್ಟಿಕೊಂಡಿದ್ದರೆ ಕೈಗೆ ಗೊತ್ತಾಗುತ್ತದೆ, ಒತ್ತುವುದು ನಿಲ್ಲಿಸುತ್ತೀರಿ. ಮೋಟರ್‌ಗೆ ಗೊತ್ತಾಗುವ ಹೊತ್ತಿಗೆ ಮಾಲು, ಅಂದರೆ ಸೀಲೆಂಟ್, ಹಿಂದಿನಿಂದ ಕಕ್ಕಿಕೊಂಡು ಕಡ್ಡಿಗೆಲ್ಲ ಮೆತ್ತಿರುತ್ತದೆ. ಅದನ್ನು ಒರೆಸಲು ಅರ್ಧ ಗಂಟೆ ಬೇಕು. ದಿನಾ ಬೆಳಿಗ್ಗೆ ನಾಝಲ್ ಒಳಗೆ ಒಂದು ಮೊಳೆ ಹಾಕಿ ನೋಡಿ, ಆಮೇಲೆ ಸ್ವಿಚ್ ಒತ್ತಿ.

ಅಂಗಡಿಯವರು ಬ್ಯಾಟರಿ ಗನ್ ಮಾರುವಾಗ ಹೇಳುವುದು ಬೇರೆ. "ಕೆಲಸ ಡಬಲ್ ಸ್ಪೀಡ್ ಆಗುತ್ತೆ ಸಾರ್" ಅಂತಾರೆ. ಇದನ್ನು ನಾನು ಒಪ್ಪಲ್ಲ. ಒಂದು ಹಳೆ ಕಿಟಕಿಗೆ ಹೊಸದಾಗಿ ಸಿಲಿಕಾನ್ ಹೊಡೆಯಲು ನನಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಅದರಲ್ಲಿ ಹಳೆಯದನ್ನು ಕೆರೆಯುವುದು, ಧೂಳು ತೆಗೆಯುವುದು, ಒರೆಸುವುದು, ಬ್ಯಾಕರ್ ರಾಡ್ (ಗ್ಯಾಪಿನ ತಳಕ್ಕೆ ಇಡುವ ಫೋಮ್ ಹುರಿ) ಕೂರಿಸುವುದು, ಎರಡು ಕಡೆ ಮಾಸ್ಕಿಂಗ್ ಟೇಪ್, ಆಮೇಲೆ ಒತ್ತಿ ನಯ ಮಾಡುವುದು, ಟೇಪ್ ಕೀಳುವುದು. ಗನ್ ಕೈಯಲ್ಲಿ ಇರುವುದು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಐದು ಮಾಡಿದರೆ ಗಂಟೆಗೆ ಐದು ನಿಮಿಷ ಉಳಿಯಿತು. ಅಷ್ಟಕ್ಕೆ ಯಾರೂ ಇಪ್ಪತ್ತು ಸಾವಿರ ಕೊಡಬೇಕಾಗಿಲ್ಲ.

ಉದ್ದನೆ ಜಾಯಿಂಟ್‌ಗಳಲ್ಲಿ ಮಾತ್ರ ಲೆಕ್ಕ ಬೇರೆ. ಗೋಡೆ ಪ್ಯಾನೆಲ್‌ಗಳ ಮಧ್ಯೆ 20 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಆಳದ ಜಾಯಿಂಟ್ ಅಂದರೆ ಮೀಟರಿಗೆ 200 ಮಿಲಿ ಮಾಲು. 600 ಮಿಲಿಯ ಒಂದು ಸಾಸೇಜ್ ಮೂರೇ ಮೀಟರಿಗೆ ಖಾಲಿ. ಅಲ್ಲಿ ಮುಂದೆ ಒಬ್ಬ ಟೇಪ್ ಹಚ್ಚುತ್ತಾ ಹೋಗುತ್ತಾನೆ, ಹಿಂದೆ ಒಬ್ಬ ನಯ ಮಾಡುತ್ತಾ ಬರುತ್ತಾನೆ, ನಡುವೆ ಗನ್ ಹಿಡಿದವನು ಇಡೀ ದಿನ ಒತ್ತುತ್ತಲೇ ಇರುತ್ತಾನೆ. ಅವನಿಗೆ ಬ್ಯಾಟರಿ ಗನ್ ಬೇಕೇ ಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 2016ರಲ್ಲಿ ನನ್ನ ಕೈಯಲ್ಲಿ ಅದು ಇದ್ದಿದ್ದರೆ ಇವತ್ತು ನಾನು ಈ ಮಾತು ಆಡುವ ಅಗತ್ಯ ಇರುತ್ತಿರಲಿಲ್ಲ.

ಬಾತ್‌ರೂಮ್ ಫಿಟ್ಟಿಂಗ್ ಮಾಡುವವರು, ಕಿಚನ್ ಗ್ರಾನೈಟ್ ಅಂಚಿಗೆ ಹೊಡೆಯುವವರು, ದಿನಕ್ಕೆ ಎರಡು ಮೂರು ಟ್ಯೂಬ್ ಮುಗಿಸುವವರಿಗೆ ನಾನು ಬೇಡ ಅನ್ನುತ್ತೇನೆ. 6 ಮಿಲಿಮೀಟರ್ ಅಗಲ, ಅಷ್ಟೇ ಆಳದ ಗ್ಯಾಪ್‌ಗೆ ಮೀಟರಿಗೆ 36 ಮಿಲಿ ಸಾಕು. ಒಂದು ಟ್ಯೂಬಲ್ಲಿ 8 ಮೀಟರ್ ಬರುತ್ತದೆ. ಒಂದು ಬಾತ್‌ರೂಮಿಗೆ ಅದೇ ಜಾಸ್ತಿ. ನಿಮಗೆ ಬೇಕಾಗಿರುವುದು ಒಳ್ಳೆಯ 18:1 ಕೈಗನ್. ಇನ್ನೂರರ ಗನ್ನನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಬಿಸಾಡುವ ಬದಲು ಸಾವಿರವೋ ಒಂದೂವರೆ ಸಾವಿರವೋ ಕೊಟ್ಟು ಒಂದು ತಗೊಳ್ಳಿ. ಕಡ್ಡಿ ನೆಟ್ಟಗಿರಬೇಕು, ಟ್ಯೂಬ್ ಕೂರುವ ತೊಟ್ಟಿಲು ತಿರುಗಬೇಕು, ಬಿಟ್ಟ ಕೂಡಲೇ ಮಾಲು ತೊಟ್ಟಿಕ್ಕುವುದು ನಿಲ್ಲಬೇಕು.

ಇನ್ನೊಂದು ತೊಂದರೆ ಬಾತ್‌ರೂಮಿನವರಿಗೇ ಗೊತ್ತಾಗುವುದು. ಟ್ಯೂಬ್ ತುಂಬಿರುವಾಗ ಕಡ್ಡಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಬ್ಯಾಟರಿ ಗನ್ನಿನಲ್ಲಿ ಮೋಟರಿನ ಮೈ ಬೇರೆ ಸೇರುತ್ತದೆ. ಕಮೋಡ್ ಹಿಂದೆ, ವಾಶ್‌ಬೇಸಿನ್ ಕೆಳಗೆ ಅದನ್ನು ತಿರುಗಿಸಲು ಜಾಗ ಇರಲ್ಲ. ಕಡ್ಡಿ ತುದಿ ಹಿಂದಿನ ಟೈಲ್‌ಗೆ ಬಡಿಯುತ್ತದೆ. ಹೊಸ ಮನೆಯ ಟೈಲ್ ಚಕ್ಕೆ ಎದ್ದರೆ ಯಾರು ಕಟ್ಟಿಕೊಡುತ್ತಾರೆ?

ತೂಕವೂ ಹಾಗೇ. ಕೈಗನ್ ಒಂದು ಕೆಜಿ ಒಳಗೆ. ಬ್ಯಾಟರಿ ಗನ್, ಬ್ಯಾಟರಿ ಸೇರಿ ಎರಡು ಕೆಜಿ ದಾಟುತ್ತದೆ, ಅದರ ಮೇಲೆ ಮಾಲಿನ ತೂಕ. ತಲೆಯ ಮೇಲಿನ ಜಾಯಿಂಟ್‌ಗೆ ಎತ್ತಿ ಹಿಡಿದರೆ ಬೆರಳಿನ ನೋವು ಹೋಗಿ ಭುಜದ ನೋವು ಬರುತ್ತದೆ. ಇದಕ್ಕೆ ನಾನು ಕಂಡುಕೊಂಡ ಒಂದು ಉಪಾಯ ಇದೆ. ಜನ ದೊಡ್ಡ 5 ಆಂಪಿಯರ್ ಅವರ್ ಬ್ಯಾಟರಿ ಹಾಕುತ್ತಾರೆ, ದಿನವಿಡೀ ಬರಲಿ ಅಂತ. ಈ ಗನ್ನಿಗೆ ಅದು ಬೇಡ. ಇದು ಗ್ರೈಂಡರ್ ಅಲ್ಲ, ಕರೆಂಟ್ ಕುಡಿಯಲ್ಲ. ಕಡ್ಡಿ ನಿಧಾನಕ್ಕೆ 18 ಸೆಂಟಿಮೀಟರ್ ಹೋಗಲು ಬೇಕಾಗುವ ಶಕ್ತಿ ಬಹಳ ಕಡಿಮೆ. 2 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿಯಲ್ಲೇ ನನ್ನ ಇಡೀ ದಿನ ಕಳೆಯುತ್ತದೆ, ಗನ್ ಕಾಲು ಕೆಜಿ ಹಗುರವಾಗುತ್ತದೆ. ಜೂಲಾದಲ್ಲಿ ಕೆಲಸ ಮಾಡುವವರು ಗನ್ನಿಗೆ ಹಗ್ಗ ಕಟ್ಟಿ. ಎರಡು ಕೆಜಿಯ ಸಾಮಾನು ಹತ್ತನೇ ಮಹಡಿಯಿಂದ ಜಾರಿದರೆ ಕೆಳಗೆ ಇರುವವನ ಗತಿ ಯೋಚಿಸಿ.

ಇಲ್ಲಿ ಗಾಜಿನ ಫ್ಯಾಕ್ಟರಿ ಕಡೆಯವರೂ ಇದ್ದೀರಿ. ನಿಮ್ಮಲ್ಲಿ ಕಂಪ್ರೆಸರ್ ಇರುತ್ತದೆ, ಗಾಳಿಯ ಗನ್ ಇರುತ್ತದೆ. ಪೀಣ್ಯದ ಶೆಡ್ಡಿನೊಳಗೆ ಅದೇ ಸರಿ. ಹಗುರ, ಅಗ್ಗ. ಸೈಟಿಗೆ ಕಂಪ್ರೆಸರ್ ಹೊತ್ತುಕೊಂಡು ಹೋಗುವುದು ಮಾತ್ರ ಆಗದ ಕೆಲಸ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳಲ್ಲ.

ಈಗ ಗನ್ ಹಿಡಿಯುವ ಬಗ್ಗೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬ್ಯಾಟರಿ ಗನ್ ತಗೊಂಡು ಒಂದು ವಾರಕ್ಕೇ ಮೂಲೆಗೆ ಎಸೆದವರನ್ನು ನೋಡಿದ್ದೇನೆ. ಅವರ ತಪ್ಪು ಒಂದೇ, ವೇಗ.

ಕೈಗನ್ನಿನಲ್ಲಿ ನಾವು ಒತ್ತುವ ತಾಳಕ್ಕೆ ಕೈ ಓಡುತ್ತದೆ. ಒತ್ತು, ಎಳೆ, ಒತ್ತು, ಎಳೆ. ಪ್ರತಿ ಒತ್ತಿನ ಮಧ್ಯೆ ಒಂದು ಸಣ್ಣ ಗಂಟು ಉಳಿಯುತ್ತದೆ. ಬಿಸಿಲಲ್ಲಿ ಅಡ್ಡದಿಂದ ನೋಡಿದರೆ ಗೆರೆಯ ಮೇಲೆ ಅಲೆ ಅಲೆ ಕಾಣುತ್ತದೆ. ಆ ಗಂಟನ್ನು ನಾವು ಬೆರಳಿಂದಲೋ ಪಟ್ಟಿಯಿಂದಲೋ ನಯ ಮಾಡಿ ಮುಚ್ಚುತ್ತೇವೆ. ಬ್ಯಾಟರಿ ಗನ್ನಿನಲ್ಲಿ ಗಂಟು ಇಲ್ಲ, ಮಾಲು ಒಂದೇ ಸಮನೆ ಬರುತ್ತದೆ. ನೀವು ಅದರ ಜೊತೆ ಒಂದೇ ಸಮನೆ ಓಡಬೇಕು. ಕಡ್ಡಿ ಸೆಕೆಂಡಿಗೆ 2 ಮಿಲಿಮೀಟರ್ ಹೋದರೆ 3 ಮಿಲಿಗಿಂತ ಸ್ವಲ್ಪ ಜಾಸ್ತಿ ಮಾಲು ಹೊರಗೆ ಬರುತ್ತದೆ. 6 ಮಿಲಿಮೀಟರ್ ಗ್ಯಾಪ್‌ನಲ್ಲಿ ನಿಮ್ಮ ಕೈ ಸೆಕೆಂಡಿಗೆ 9 ಸೆಂಟಿಮೀಟರ್ ಸರಿಯಬೇಕು. ಒಂದು ಗೇಣಿಗೆ ಎರಡೂವರೆ ಸೆಕೆಂಡ್. ಇದು ಆರಾಮ. ವೇಗದ ಡಯಲ್ ತಿರುಗಿಸಿ ಎರಡರಷ್ಟು ಮಾಡಿದರೆ ಕೈ ಓಡಲ್ಲ, ಮಾಲು ಗುಡ್ಡೆ ಬೀಳುತ್ತದೆ. ಮಕೀಟಾದ ಆ ಗನ್ ಸೆಕೆಂಡಿಗೆ 28 ಮಿಲಿಮೀಟರ್‌ವರೆಗೂ ಹೋಗುತ್ತದೆ. ಆ ವೇಗ ಯಾವ ಕಿಟಕಿಗೂ ಬೇಡ.

ಮೊದಲ ದಿನ ನಾನು ಹೀಗೆ ಕಲಿತೆ. ವರ್ಕ್‌ಶಾಪಿನಲ್ಲಿ ಒಂದು ಹಳೆ ಗಾಜಿನ ಹಲಗೆ ಗೋಡೆಗೆ ಒರಗಿಸಿದೆ. ಡಯಲ್ ಒಂದರಲ್ಲಿ ಇಟ್ಟು ಒಂದು ಗೆರೆ ಎಳೆದೆ, ಎರಡರಲ್ಲಿ ಒಂದು, ಮೂರರಲ್ಲಿ ಒಂದು. ಗಾಜಿನ ಹಿಂದೆ ಹೋಗಿ ನೋಡಿದೆ. ಗಾಜಿಗೆ ಅಂಟಿದ ಕಡೆಯಿಂದ ನೋಡಿದರೆ ಸತ್ಯ ಗೊತ್ತಾಗುತ್ತದೆ. ಮೇಲಿನಿಂದ ಚೆನ್ನಾಗಿ ಕಂಡ ಗೆರೆಯಲ್ಲಿ ಹಿಂದಿನಿಂದ ಗಾಳಿಯ ಗುಳ್ಳೆಗಳು ಕಂಡವು. ನಾಝಲ್ ಎಳೆದುಕೊಂಡು ಹೋದ ಗೆರೆ ಅದು. ನಾಝಲ್ ಮುಂದಕ್ಕೆ ತಳ್ಳಿಕೊಂಡು ಹೋದ ಗೆರೆಯಲ್ಲಿ ಮಾಲು ಗಾಜಿಗೆ ಒತ್ತಿ ಕೂತಿತ್ತು. ಹದಿನೈದು ವರ್ಷ ಕೆಲಸ ಮಾಡಿದ ಮೇಲೆ ಈ ವಿಷಯ ನನಗೆ ಕಣ್ಣಾರೆ ಕಂಡಿದ್ದು ಆ ದಿನ. ನೀವೂ ಒಂದು ಗಾಜು ಇಟ್ಟುಕೊಂಡು ನೋಡಿ, ಒಂದು ಟ್ಯೂಬ್ ಹೋದರೆ ಹೋಗಲಿ.

ಮೂಲೆ ಬರುವ ಒಂದು ಗೇಣು ಮುಂಚೆ ಸ್ವಿಚ್ ಸಡಿಲ ಮಾಡಿ. ಪೂರ್ತಿ ಬಿಟ್ಟರೆ ಕಡ್ಡಿ ತಾನಾಗಿ ಸ್ವಲ್ಪ ಹಿಂದೆ ಸರಿಯುತ್ತದೆ, ಮಾಲು ತೊಟ್ಟಿಕ್ಕಲ್ಲ. ಇದು ಬ್ಯಾಟರಿ ಗನ್ನಿನ ದೊಡ್ಡ ಉಪಕಾರ. ಕೈಗನ್ನಿನಲ್ಲಿ ಹೆಬ್ಬೆರಳಿಂದ ಒತ್ತಡ ಬಿಡಿಸುವ ಹಿಂದಿನ ತಗಡು ಒತ್ತಲು ಮರೆತು ಎಷ್ಟು ಗ್ರಾನೈಟ್ ಮೇಲೆ ಹನಿ ಬಿದ್ದಿಲ್ಲ, ಎಷ್ಟು ಮನೆಯವರ ಹತ್ತಿರ ಬೈಸಿಕೊಂಡಿಲ್ಲ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಖಂಡಿತವಾಗಿ ಹೇಳಬೇಕು. ಯಾವ ಗನ್ನೂ ಸೋರಿಕೆ ನಿಲ್ಲಿಸಲ್ಲ. ನಮ್ಮ ಊರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಶುರುವಾದರೆ ಫೋನ್ ಬರುತ್ತಲೇ ಇರುತ್ತದೆ. ಒಮ್ಮೆ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಬೇಸಿಗೆಯಲ್ಲಷ್ಟೇ ಬ್ಯಾಟರಿ ಗನ್ನಿನಲ್ಲಿ ಹೊಡೆದ ಗೆರೆ. ನೋಡಲು ಎಷ್ಟು ಚೆಂದ ಅಂದರೆ ಮುಟ್ಟಬೇಕು ಅನ್ನಿಸುತ್ತಿತ್ತು. ಕೆಳಗೆ ಮಲಗುವ ಕೋಣೆಯ ಗೋಡೆ ಪೂರ್ತಿ ಒದ್ದೆ, ಮಗುವಿನ ಹಾಸಿಗೆ ಎತ್ತಿ ನಿಲ್ಲಿಸಿದ್ದರು. ಉಗುರು ಹಾಕಿ ಎಳೆದೆ. ಇಡೀ ಗೆರೆ ಶಾವಿಗೆ ಎಳೆ ಬಂದ ಹಾಗೆ ಕೈಗೆ ಬಂತು. ಕೆಳಗೆ ಕೊಳೆ ಹಿಡಿದ ಹಳೆ ಸಿಲಿಕಾನ್, ಅದರ ಕೆಳಗೆ ಸಿಮೆಂಟ್ ಧೂಳು. ಬ್ಯಾಕರ್ ರಾಡ್ ಇಲ್ಲ. ಮಾಲು ಎರಡು ಬದಿಗೂ ತಳಕ್ಕೂ ಮೂರು ಕಡೆ ಅಂಟಿಕೊಂಡರೆ ಕಟ್ಟಡ ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಅದಕ್ಕೆ ಹಿಗ್ಗಲು ಜಾಗ ಇರಲ್ಲ, ಹರಿಯುತ್ತದೆ. ಎರಡು ಬದಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಅದಕ್ಕೇ ಬ್ಯಾಕರ್ ರಾಡ್. ಗ್ಯಾಪಿಗಿಂತ ಕಾಲು ಭಾಗ ದಪ್ಪ ಇರುವ ರಾಡ್ ತಗೊಂಡು ಒತ್ತಿ ಕೂರಿಸಿ. ಇಪ್ಪತ್ತು ಸಾವಿರದ ಗನ್ ತಗೊಂಡು ಕೆಲವು ರೂಪಾಯಿಯ ರಾಡ್ ಉಳಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಗ್ರಾನೈಟ್, ಮಾರ್ಬಲ್, ಸಿಮೆಂಟ್, ಕನ್ನಡಿ ಇದ್ದ ಕಡೆ ವಿನೆಗರ್ ವಾಸನೆಯ ಸಿಲಿಕಾನ್ ಬೇಡ. ಹುಳಿ ಬಿಡದ ನ್ಯೂಟ್ರಲ್ ಸಿಲಿಕಾನ್ ತಗೊಳ್ಳಿ. ಆ ವಿನೆಗರ್ ಹುಳಿ ಮಾರ್ಬಲ್, ಸಿಮೆಂಟನ್ನೂ ಕನ್ನಡಿಯ ಹಿಂಬದಿಯನ್ನೂ ತಿನ್ನುತ್ತದೆ. ಇದು ಗನ್ನಿನ ವಿಷಯ ಅಲ್ಲ, ಆದರೂ ಹೇಳದೆ ಇರಲು ಆಗಲಿಲ್ಲ.

ಈಗ ದುಡ್ಡು. ಒಂದು ಒಳ್ಳೆ ಕಂಪನಿಯ ಗನ್ನು, ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ 24,000 ಆಯಿತು ಅಂತ ಇಟ್ಟುಕೊಳ್ಳಿ. ಎರಡು ವರ್ಷ ಬಂತು, ವರ್ಷಕ್ಕೆ 250 ದಿನ ಕೆಲಸ. ದಿನಕ್ಕೆ 48 ರೂಪಾಯಿ. ದಿನಕ್ಕೆ ಇಪ್ಪತ್ತು ಟ್ಯೂಬ್ ಹೊಡೆಯುವವನಿಗೆ ಟ್ಯೂಬಿಗೆ ಎರಡೂವರೆ ರೂಪಾಯಿ. ಎರಡು ಟ್ಯೂಬ್ ಹೊಡೆಯುವವನಿಗೆ ಟ್ಯೂಬಿಗೆ 24 ರೂಪಾಯಿ. ಅದಕ್ಕೇ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಅಂದಿದ್ದು.

ಆದರೆ ಈ 48 ರೂಪಾಯಿ ಯಾರು ಕೊಡಬೇಕು? ನನ್ನ ಸಿಟ್ಟು ಇಲ್ಲಿದೆ. ರನ್ನಿಂಗ್ ಮೀಟರ್ ರೇಟಿನಲ್ಲಿ ಕೆಲಸ ಮಾಡುವ ಹುಡುಗ ತನ್ನ ಗನ್ ತಾನೇ ತರಬೇಕು ಅನ್ನುವುದು ನಮ್ಮಲ್ಲಿ ಪದ್ಧತಿ ಆಗಿಬಿಟ್ಟಿದೆ. ಹಾಗಾಗಿ ಅವನು ಇನ್ನೂರರ ಗನ್ ತರುತ್ತಾನೆ, ಉಳಿದದ್ದನ್ನು ಕೈಯಿಂದ ಕಟ್ಟುತ್ತಾನೆ. ಗುತ್ತಿಗೆದಾರರ ಲೆಕ್ಕದ ಪುಸ್ತಕದಲ್ಲಿ ಆ ಕೈ ಎಲ್ಲೂ ಬರಲ್ಲ. ಇಲ್ಲಿ ಗುತ್ತಿಗೆ ಹಿಡಿಯುವವರು ಹತ್ತು ಹನ್ನೆರಡು ಜನ ಇದ್ದೀರಿ, ಮುಖ ನೋಡಿಯೇ ಹೇಳುತ್ತೇನೆ. ಜೂಲಾ ನೀವು ಕೊಡುತ್ತೀರಿ, ಡ್ರಿಲ್ ನೀವು ಕೊಡುತ್ತೀರಿ. ದಿನವಿಡೀ ಪಿಯು ಹೊಡೆಯುವ ಹುಡುಗನಿಗೆ ಬ್ಯಾಟರಿ ಗನ್ ಕೊಡುವುದೂ ನಿಮ್ಮ ಕೆಲಸವೇ. ನಿಮ್ಮಲ್ಲಿ ಆಗಲೇ 18 ವೋಲ್ಟ್ ಡ್ರಿಲ್ ಇದ್ದರೆ ಅದೇ ಕಂಪನಿಯ ಬರೀ ಗನ್ ತಗೊಳ್ಳಿ, ಬ್ಯಾಟರಿ ಚಾರ್ಜರ್ ದುಡ್ಡು ಉಳಿಯುತ್ತದೆ. ಜಿಎಸ್‌ಟಿ ನಂಬರ್ ಇದ್ದವರು ಬಿಲ್ ಹಾಕಿಸಿ, ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗಬಹುದು. ನಾನು ಈಗ ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದೇನೆ. ಗನ್ ನನ್ನದು, ರೇಟ್ ಅವರದು. ಕಡಿಮೆ ಮಾಡಿಲ್ಲ.

ತಗೊಳ್ಳುವ ಬಗ್ಗೆ ಎರಡು ಮಾತು. ಎಸ್‌ಜೆಪಿ ರೋಡ್, ಎಸ್‌ಪಿ ರೋಡ್ ಕಡೆ ಹೋದರೆ ಹೆಸರಿಲ್ಲದ ಬ್ಯಾಟರಿ ಗನ್ನುಗಳು ಕಡಿಮೆ ದುಡ್ಡಿಗೆ ಸಿಗುತ್ತವೆ. ತಗೊಳ್ಳಲೇಬೇಡಿ ಅನ್ನಲ್ಲ. ಆದರೆ ಸ್ಪೇರ್ ಬ್ಯಾಟರಿ, ಕಡ್ಡಿ, ವಾಷರ್ ಆರು ತಿಂಗಳಾದ ಮೇಲೆ ಎಲ್ಲಿ ಸಿಗುತ್ತೆ ಅಂತ ಮೊದಲು ಕೇಳಿ. ಉತ್ತರ ಸಿಗದಿದ್ದರೆ ವಾಪಸ್ ಬನ್ನಿ. ಸಾಸೇಜ್ ಹೊಡೆಯುವವರು 600 ಮಿಲಿಯ ಬ್ಯಾರಲ್ ಡಬ್ಬದಲ್ಲೇ ಇದೆಯಾ, ಬೇರೆ ತಗೊಳ್ಳಬೇಕಾ ಕೇಳಿ. ಹೋಗುವಾಗ ನೀವು ಹೊಡೆಯುವ ಮಾಲನ್ನೇ ಒಂದು ಟ್ಯೂಬ್ ತಗೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ.

ಆಮೇಲೆ ಬಂದ ಪ್ರಶ್ನೆಗಳು.

ಯಶವಂತಪುರ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಕೇಳಿದರು: "ಬ್ಯಾಟರಿ ಗನ್ ಹಿಡಿದರೆ ಹುಡುಗರು ಕೈ ಕೆಲಸ ಕಲಿಯಲ್ಲ ಅಲ್ವಾ?" ಅಣ್ಣ, ನಿಮ್ಮ ಮಾತನ್ನು ನಾನು ತಳ್ಳಿಹಾಕಲ್ಲ. ಕೈಗನ್ನಿನಲ್ಲಿ ಕಲಿತವನಿಗೆ ಮಾಲು ಎಷ್ಟು ಗಟ್ಟಿ, ನಾಝಲ್ ಎಷ್ಟು ಕತ್ತರಿಸಬೇಕು ಅನ್ನುವುದು ಅಂಗೈಗೇ ಗೊತ್ತಿರುತ್ತದೆ. ನನ್ನ ಹುಡುಗರಿಗೆ ಮೊದಲ ಆರು ತಿಂಗಳು ಕೈಗನ್ನೇ ಕೊಡುತ್ತೇನೆ, ದಿನಕ್ಕೆ ನಾಲ್ಕು ಟ್ಯೂಬ್ ಒಳಗೆ. ಕಲಿಯಲು ಅಷ್ಟು ಸಾಕು. ಬೆರಳು ಹೋಗುವಷ್ಟು ಬೇಡ.

ಒಬ್ಬ ತಂಗಿ, ಪೇಂಟಿಂಗ್ ಮತ್ತು ಬಿರುಕು ತುಂಬುವ ಕೆಲಸ ಮಾಡುವವರು, ಅವರ ಕೈ ಸಣ್ಣದು, ಗನ್ನಿನ ಹಿಡಿ ಪೂರ್ತಿ ಸಿಗಲ್ಲ ಅಂದರು. ಇದನ್ನು ನಾನೇ ಮೊದಲು ಹೇಳಬೇಕಿತ್ತು. ಕೈಗನ್ನಿನ ಹಿಡಿ ದೊಡ್ಡ ಕೈಗೆ ಮಾಡಿದ್ದು. ಸಣ್ಣ ಕೈಯವರು ಬೆರಳ ತುದಿಯಿಂದ ಎಳೆಯುತ್ತಾರೆ, ಅಲ್ಲಿ ಬಲ ಇರಲ್ಲ, ನೋವು ಬೇಗ ಬರುತ್ತದೆ. ಅವರಿಗೆ 12 ವೋಲ್ಟಿನ ಗನ್ ಸರಿ ಹೋಗುತ್ತದೆ, ಹಿಡಿ ಸಣ್ಣದು, ತೂಕ ಕಡಿಮೆ. ಬಿರುಕಿಗೆ ಹಾಕುವ ಅಕ್ರಿಲಿಕ್ ಮಾಲು ಮೆತ್ತಗಿರುತ್ತದೆ, ಅದಕ್ಕೆ 12 ವೋಲ್ಟ್ ಧಾರಾಳ ಸಾಕು.

ಬೆರಳು ಆಗಲೇ ಹಿಡಿದುಕೊಳ್ಳುವವರು ಏನು ಮಾಡಬೇಕು ಅಂತ ಒಬ್ಬರು ಕೇಳಿದರು. ಗನ್ ಬದಲಿಸುವ ಮುಂಚೆ ಡಾಕ್ಟರಿಗೆ ತೋರಿಸಿ, ಬೇಗ ತೋರಿಸಿ. ಲೇಬರ್ ಕಾರ್ಡ್ ಇಲ್ಲದವರು ಮಾಡಿಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಗಾಜಿನವರು, ಅಲ್ಯೂಮಿನಿಯಂನವರು ಇದು ಗಾರೆ ಕೆಲಸದವರಿಗೆ ಮಾತ್ರ ಅಂದುಕೊಂಡಿದ್ದೀರಿ. ಅಲ್ಲ, ನಮಗೂ ಇದೆ.

ಕೊನೆಗೆ ಹಿಂದಿನ ಸಾಲಿನ ಹುಡುಗ ಎದ್ದು ನಿಂತ. ಮೊದಲು ಕೈ ಎತ್ತಿದ್ದ ಐದನೆಯವನು. ಇಪ್ಪತ್ತು ಇಪ್ಪತ್ತೊಂದು ಇರಬಹುದು. "ಅಣ್ಣಾ, ನಮ್ಮ ಮೇಸ್ತ್ರಿ ತಗೊಳ್ಳಲ್ಲ, ನನ್ನ ಹತ್ರ ದುಡ್ಡಿಲ್ಲ. ನಾನೇನು ಮಾಡ್ಲಿ?"

ಅವನಿಗೆ ಹೇಳಿದ್ದು ಇಷ್ಟು. ಇನ್ನೂರರ ಗನ್ ಬಿಡು. ಎರಡು ವಾರ ಕೂಡಿಟ್ಟು 18:1 ತಗೊ. ನಾಝಲ್ ತುದಿಯನ್ನು ಗ್ಯಾಪಿನ ಅಗಲಕ್ಕೆ ಸರಿಯಾಗಿ ಕತ್ತರಿಸು, ತೀರಾ ಸಣ್ಣ ತೂತು ಮಾಡಿದರೆ ಅದರ ಶಿಕ್ಷೆ ಬೆರಳಿಗೆ. ಡಿಸೆಂಬರ್ ಬೆಳಿಗ್ಗೆ 15, 16 ಡಿಗ್ರಿ ಇರುವಾಗ ಪಿಯು ಕಲ್ಲಾಗಿರುತ್ತದೆ. ಅವತ್ತು ಬೇಕಾದ ಟ್ಯೂಬ್‌ಗಳನ್ನು ಮಾತ್ರ ಒಂದು ಗಂಟೆ ಬೆಚ್ಚಗಿನ ಕಡೆ ಇಡು, ಪೂರ್ತಿ ಡಬ್ಬ ಬಿಸಿಲಿಗೆ ಇಡಬೇಡ, ಮಾಲು ಕೆಡುತ್ತದೆ. ನಾಲ್ಕೂ ಬೆರಳು ಹಾಕಿ ಒತ್ತು, ಎರಡೇ ಬೆರಳಲ್ಲಿ ಎಳೆಯಬೇಡ. ಐದು ಟ್ಯೂಬಿಗೆ ಒಮ್ಮೆ ಟೇಪ್ ಹಚ್ಚುವವನ ಜೊತೆ ಕೆಲಸ ಬದಲಿಸಿಕೊ. ಎಡಗೈಯಲ್ಲೂ ಹೊಡೆಯಲು ಕಲಿ. ಮೊದಲ ವಾರ ಗೆರೆ ಸೊಟ್ಟ ಬರುತ್ತದೆ, ಆಮೇಲೆ ಬರಲ್ಲ.

ಸಭೆ ಮುಗಿದ ಮೇಲೆ ಅವನು ಹೊರಗೆ ನಿಂತಿದ್ದ. ನನ್ನ ಗಾಡಿಯ ಡಿಕ್ಕಿಯಲ್ಲಿ ಹಳೆಯ 18:1 ಗನ್ ಒಂದು ಇತ್ತು, ಕೊಟ್ಟು ಕಳಿಸಿದೆ. ಕಡ್ಡಿ ಸ್ವಲ್ಪ ಬಿಗಿ ಇದೆ. ಎರಡು ಹನಿ ಎಣ್ಣೆ ಬಿಡು ಅಂದಿದ್ದೇನೆ.